ಆಯಿಲ್ ಮುಚ್ಚಳದಡಿಯ ಹಾಲ್ನೊರೆ

ಎಂಜಿನ್‌ಗೆ ಆಯಿಲ್ ಹಾಕುವ ಮುಚ್ಚಳ ತಿರುವಿ ತೆಗೆದಾಗ ಒಳಬದಿಯಲ್ಲಿ ಕೆನೆ ಬಣ್ಣದ ಜಿಗುಟು ನೊರೆ ಮೆತ್ತಿಕೊಂಡಿದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಹಳೆಯ ಕಾಲದ ಮೆಕ್ಯಾನಿಕ್ ಅದನ್ನು ನೋಡಿ ಹೇಳುವ ಮಾತು ಒಂದೇ: ‘ಸಾರ್, ಆಯಿಲ್ ಹಾಲಾಗಿದೆ. ಹೆಡ್ ಇಳಿಸ್ಬೇಕು.’ ಅಂದರೆ ಸಿಲಿಂಡರುಗಳ ಮೇಲೆ ಕೂರುವ ಎಂಜಿನ್ನಿನ ಮೇಲ್ಭಾಗವನ್ನೇ ಬಿಚ್ಚಬೇಕು. ಅದೇ ನೊರೆಯನ್ನು ಜನವರಿ ತಿಂಗಳಲ್ಲಿ ಟೋಕಿಯೋದ ಪೂರ್ವ ಅಂಚಿನ ನಿಶಿ ಕಸಾಯಿಯ ಗ್ಯಾರೇಜಿನಲ್ಲಿ ತೋರಿಸಿದರೆ, ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಬರುವುದು ಒಂದು ಪ್ರಶ್ನೆ. ಗಾಡಿ ಮನೆಯಿಂದ ಹೊರಟರೆ ಒಂದು ಸಲಕ್ಕೆ ಎಷ್ಟು ದೂರ ಹೋಗುತ್ತದೆ?

ಇಬ್ಬರಲ್ಲಿ ಯಾರೂ ಪೆದ್ದರಲ್ಲ. ಆಯಿಲ್‌ಗೆ ನೀರು ಸೇರಿದೆ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ. ಆ ನೀರು ಎಲ್ಲಿಂದ ಬಂತು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಒಬ್ಬನ ಅನುಭವ ಘಟ್ಟ ಹತ್ತಿ ಕುದಿದ ಎಂಜಿನ್‌ಗಳದು, ಇನ್ನೊಬ್ಬನದು ಬಿಸಿಯೇ ಆಗದ ಎಂಜಿನ್‌ಗಳದು. ಅರ್ಧ ಶತಮಾನದಲ್ಲಿ ಕಾರು ಓಡುವ ರೀತಿ ಬದಲಾದಂತೆ ಈ ನೊರೆಯ ಅರ್ಥವೂ ಬದಲಾಗಿದೆ. ಅದು ಹೇಗೆಂದು ತಿಳಿಯಲು ನಿಶಿ ಕಸಾಯಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಈಗ ನಿಶಿ ಕಸಾಯಿ ಎಂದರೆ ಟೋಕಿಯೋದ ‘ಲಿಟ್ಲ್ ಇಂಡಿಯಾ’. ಎದೊಗಾವ ವಾರ್ಡಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಭಾರತೀಯರಿದ್ದಾರೆ. ಅವರಲ್ಲಿ ಬೆಂಗಳೂರಿನಿಂದ ಹೋದ ಕನ್ನಡದ ಸಾಫ್ಟ್‌ವೇರ್ ಸಂಸಾರಗಳೂ ಇವೆ. ಆದರೆ 1960ರ ದಶಕದ ಆರಂಭದವರೆಗೂ ಇದು ಕಡಲಂಚಿನ ಬೆಸ್ತರ ಊರು. ಕಸಾಯಿಯ ಆಳವಿಲ್ಲದ ಸಮುದ್ರದಲ್ಲಿ ನೋರಿ ಎಂಬ ಕಡಲಪಾಚಿ ಬೆಳೆದು, ಹಾಳೆ ಹಾಳೆಯಾಗಿ ಒಣಗಿಸಿ ಮಾರುತ್ತಿದ್ದರು. ಕಾರ್ಖಾನೆಗಳ ಕೊಳೆಗೆ ಕೊಲ್ಲಿ ಹಾಳಾಯಿತು, ಬಂದರು ವಿಸ್ತರಣೆಗೆ ಜಾಗ ಬೇಕಾಯಿತು. 1962ರಲ್ಲಿ ಟೋಕಿಯೋ ಕೊಲ್ಲಿಯ ಬೆಸ್ತರು ಪರಿಹಾರ ಪಡೆದು ಮೀನುಗಾರಿಕೆ ಹಕ್ಕನ್ನೇ ಬಿಟ್ಟುಕೊಟ್ಟರು.

ಅಷ್ಟರಲ್ಲಿ ನೆಲವೇ ಕುಸಿಯತೊಡಗಿತ್ತು. ಕಾರ್ಖಾನೆಗಳು ಅಂತರ್ಜಲ ಎತ್ತುತ್ತಿದ್ದವು. ಅದರ ಜೊತೆಗೆ ಇಲ್ಲಿ ನೀರಿನಲ್ಲಿ ಕರಗಿದ ನೈಸರ್ಗಿಕ ಅನಿಲವನ್ನೂ ಬಾವಿ ಕೊರೆದು ತೆಗೆಯುತ್ತಿದ್ದರು. 1968ರಲ್ಲಿ ನಿಶಿ ಕಸಾಯಿಯ ನೆಲ ಒಂದೇ ವರ್ಷದಲ್ಲಿ ಸುಮಾರು 24 ಸೆಂಟಿಮೀಟರ್ ಇಳಿದದ್ದು ದಾಖಲಾಗಿದೆ. ಜನರ ಹೆಸರಿನಲ್ಲಿ ಪಟ್ಟೆ ಇದ್ದ ಜಮೀನು ಸಮುದ್ರದಡಿ ಹೋಯಿತು. 1972ರಲ್ಲಿ ಟೋಕಿಯೋ ಆಡಳಿತ ಅನಿಲದ ಗಣಿ ಹಕ್ಕುಗಳನ್ನು ಕೊಂಡು ಬಾವಿಗಳನ್ನು ನಿಲ್ಲಿಸಿತು. ಅದೇ ಕಾಲಕ್ಕೆ ಮುಳುಗಿದ ಜಾಗಕ್ಕೆ ಮಣ್ಣು ತುಂಬಿ ಹೊಸ ಬಡಾವಣೆ ಕಟ್ಟುವ ಕೆಲಸವೂ ಶುರುವಾಯಿತು. ಇಂದಿಗೂ ವಾರ್ಡಿನ ನೆಲದ ಶೇಕಡ 70ರಷ್ಟು, ಸಮುದ್ರ ಉಬ್ಬರದಲ್ಲಿದ್ದಾಗಿನ ಮಟ್ಟಕ್ಕಿಂತ ಕೆಳಗಿದೆ.

ತೋಜಾಯಿ ಮೆಟ್ರೋ ಮಾರ್ಗ 1969ರಲ್ಲಿ ಕಸಾಯಿ ದಾಟಿ ಹೋಯಿತು. ನಿಶಿ ಕಸಾಯಿ ನಿಲ್ದಾಣ ಬಾಗಿಲು ತೆರೆದದ್ದು ಇನ್ನೂ ಹತ್ತು ವರ್ಷ ಕಳೆದು, 1979ರ ಅಕ್ಟೋಬರ್ 1ರಂದು. ಆ ಹೊತ್ತಿಗೇ, ಕೊಲ್ಕತ್ತ ಮೂಲದ ಚಹಾ ವ್ಯಾಪಾರಿ ಜಗಮೋಹನ್ ಚಂದ್ರಾಣಿ ತಮ್ಮ ಗೋದಾಮಿಗೆ ಹತ್ತಿರವೆಂದು ಇಲ್ಲಿ ನೆಲೆಸಿದರು. ಎರಡು ದಶಕ ಇಲ್ಲಿ ಭಾರತೀಯರೆಂದರೆ ಬೆರಳೆಣಿಕೆ. ಆಮೇಲೆ ‘ವೈ2ಕೆ’ ಗಾಬರಿ ಬಂತು. ಕಂಪ್ಯೂಟರುಗಳ ಇಸವಿ ಸರಿಪಡಿಸಲು ಭಾರತದ ಎಂಜಿನಿಯರುಗಳು ಗುಂಪು ಗುಂಪಾಗಿ ಟೋಕಿಯೋಗೆ ಇಳಿದರು. ಕಚೇರಿಗಳಿದ್ದ ಓತೆಮಾಚಿಗೆ ತೋಜಾಯಿ ರೈಲು ನೇರ ಹೋಗುತ್ತದೆ. ಸರ್ಕಾರಿ ಮೂಲದ ವಸತಿ ಸಮುಚ್ಚಯಗಳಲ್ಲಿ ಜಾಮೀನುದಾರ ಬೇಕಿಲ್ಲ, ಮಾಲೀಕನಿಗೆ ‘ಕಾಣಿಕೆ ಹಣ’ವೂ ಕೊಡಬೇಕಿಲ್ಲ. ಹೊಸಬರು ನೆಲೆಯೂರಲು ಇಷ್ಟು ಸಾಕಾಯಿತು. ಅವರಿಗೆ ಮನೆ ಹುಡುಕಿಕೊಟ್ಟು, ಸಸ್ಯಾಹಾರದ ಊಟದ ವ್ಯವಸ್ಥೆ ಮಾಡಿದವರು ಇದೇ ಚಂದ್ರಾಣಿ.

2000ನೇ ಇಸವಿಯಲ್ಲಿ ಒಂದು ತಮಾಷೆಯ ಅದಲುಬದಲು ನಡೆಯಿತು. ಆ ಆಗಸ್ಟಿನಲ್ಲಿ ಜಪಾನಿನ ಪ್ರಧಾನಿ ಯೋಶಿರೋ ಮೋರಿ ಬೆಂಗಳೂರಿಗೆ ಬಂದು ಐಟಿ ಸಹಕಾರದ ಮಾತಾಡಿ ಹೋದರು. ಬೆಂಗಳೂರಿನ ಹುಡುಗರು ನಿಶಿ ಕಸಾಯಿಗೆ ಹೊರಟರು. ಅದೇ ವರ್ಷದ ಆರಂಭದಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಕ್ವಾಲಿಸ್ ಮಾರುಕಟ್ಟೆಗೆ ಬಂದು, ಜಪಾನಿನ ಎಂಜಿನ್ ಕರ್ನಾಟಕದ ಹೆದ್ದಾರಿಗಳಿಗೆ ಇಳಿಯಿತು. ಬಿಡದಿಯಿಂದ ಹೊರಬಿದ್ದ ಗಾಡಿ ದಿನಕ್ಕೆ ನೂರಾರು ಕಿಲೋಮೀಟರ್ ಬಾಡಿಗೆ ಓಡಿತು. ಅತ್ತ ನಿಶಿ ಕಸಾಯಿಯ ಎಂಜಿನಿಯರ್ ಕೊಂಡ ಕಾರು ವಾರಪೂರ್ತಿ ನಿಂತೇ ಇರುತ್ತದೆ.

ನಿಂತೇ ಇರುತ್ತದೆ ಎಂಬುದು ಅತಿಶಯೋಕ್ತಿಯೇನಲ್ಲ. ಕೆಲಸಕ್ಕೆ ರೈಲು, ತರಕಾರಿಗೆ ಸೈಕಲ್. 1962ರ ಗ್ಯಾರೇಜ್ ಕಾನೂನಿನಂತೆ ಕಾರು ಕೊಳ್ಳುವವರು ಮನೆಯ ಆಸುಪಾಸಿನಲ್ಲೇ ನಿಲ್ಲಿಸುವ ಜಾಗವಿದೆಯೆಂದು ಪೊಲೀಸರಿಗೆ ತೋರಿಸಬೇಕು. ಬೀದಿ ಬದಿಯಲ್ಲಿ ರಾತ್ರಿ ನಿಲ್ಲಿಸುವಂತಿಲ್ಲ. ತಿಂಗಳ ಬಾಡಿಗೆ ತೆತ್ತು ನಿಲ್ಲಿಸಿದ ಕಾರು ಹೊರಬರುವುದು ಮಳೆ ಬಂದ ದಿನ ಮಗುವನ್ನು ಶಾಲೆಗೆ ಬಿಡಲು, ಶನಿವಾರ ಅಕ್ಕಿ ಮೂಟೆ ತರಲು. ಎರಡು ಕಿಲೋಮೀಟರ್ ಹೋಗು, ಎರಡು ಕಿಲೋಮೀಟರ್ ಬಾ. ಊರಿನಿಂದ ಅಪ್ಪ ಅಮ್ಮ ಬಂದಾಗ ನಾರಿತಾ ವಿಮಾನ ನಿಲ್ದಾಣಕ್ಕೆ ಹೋಗುವ ಐವತ್ತು ಚಿಲ್ಲರೆ ಕಿಲೋಮೀಟರ್ ಓಟವೇ ಆ ಎಂಜಿನ್‌ಗೆ ವರ್ಷದ ದೊಡ್ಡ ಬಿಸಿ.

ಈ ಎರಡು ಕಿಲೋಮೀಟರಿನಲ್ಲಿ ಒಳಗೆ ಏನಾಗುತ್ತದೆ? ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಆಗುವ ನೀರು ಅದು. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ. ಚಳಿಗಾಲದ ಬೆಳಗ್ಗೆ ಅಲ್ಲಿಂದ ತೊಟ್ಟಿಕ್ಕುವ ನೀರನ್ನು ಎಲ್ಲರೂ ನೋಡಿರುತ್ತಾರೆ. ಒಂದಿಷ್ಟು ಮಾತ್ರ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಕೆಳಗಿನ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಆವಿ ಆವಿಯಾಗಿಯೇ ಉಳಿದು ಹೊರಗೆ ಸೆಳೆಯಲ್ಪಡುತ್ತದೆ. ತಣ್ಣಗಿದ್ದರೆ ಲೋಹದ ಗೋಡೆಗೆ ತಾಗಿ ಹನಿಯಾಗುತ್ತದೆ. ಕ್ರ್ಯಾಂಕ್ ಶಾಫ್ಟ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಾ ಕಡೆಗೋಲಿನಂತೆ ಆಯಿಲನ್ನೂ ನೀರನ್ನೂ ಕಡೆದುಬಿಡುತ್ತದೆ. ಕೊಳೆಯನ್ನು ತೇಲಿಸಿಡಲೆಂದು ಆಯಿಲ್‌ಗೆ ಬೆರೆಸಿದ ಡಿಟರ್ಜೆಂಟುಗಳೇ ಈ ನೀರನ್ನೂ ಹಿಡಿದಿಟ್ಟುಕೊಂಡು, ಬೇರೆಯಾಗಲು ಬಿಡುವುದಿಲ್ಲ. ಎಂಜಿನ್‌ನ ಅತಿ ತಣ್ಣನೆಯ, ಅತಿ ಎತ್ತರದ ಮೂಲೆ ಆಯಿಲ್ ಮುಚ್ಚಳ. ನೊರೆ ಮೊದಲು ಕೂರುವುದು ಅಲ್ಲೇ.

ಜೂನ್ ತಿಂಗಳ ಮಳೆಗಾಲದ ತೇವದಿಂದ ಹೀಗಾಗುತ್ತದೆ ಎಂದು ಹಲವರು ನಂಬಿದ್ದಾರೆ. ಆದರೆ ಟೋಕಿಯೋದಲ್ಲಿ ಇದು ಹೆಚ್ಚಾಗಿ ಕಾಣುವುದು ಗಾಳಿ ಒಣಗಿ ಚರ್ಮ ಬಿರಿಯುವ ಚಳಿಗಾಲದಲ್ಲಿ. ಹೊರಗಿನ ಗಾಳಿಯ ತೇವ ಇದಕ್ಕೆ ಹೆಚ್ಚೇನೂ ಬೇಕಿಲ್ಲ.

ಬಿಸಿ ತೋರಿಸುವ ಮೀಟರಿನ ಮುಳ್ಳೂ ಇಲ್ಲಿ ದಾರಿ ತಪ್ಪಿಸುತ್ತದೆ. ಐದಾರು ನಿಮಿಷಕ್ಕೆ ಮುಳ್ಳು ನಡುವಿಗೆ ಬಂದರೆ ಎಂಜಿನ್ ಕಾದಿತು ಎಂದುಕೊಳ್ಳುತ್ತೇವೆ. ಅದು ತೋರಿಸುವುದು ಎಂಜಿನ್ ತಣಿಸುವ ಕೂಲೆಂಟಿನ ಬಿಸಿಯನ್ನು. ಆಯಿಲ್ ಅದಕ್ಕಿಂತ ಬಹಳ ನಿಧಾನವಾಗಿ ಕಾಯುತ್ತದೆ. ಸೇರಿದ ನೀರು ಹಾರಿಹೋಗಬೇಕಾದರೆ ಆ ಬಿಸಿ ಸ್ವಲ್ಪ ಹೊತ್ತು ನಿಲ್ಲಲೂ ಬೇಕು.

ಈ ಸಂಕಟ ಕಾರಿನಷ್ಟೇ ಹಳೆಯದು. ಮೊದಲಿನ ಕಾರುಗಳಲ್ಲಿ, ಕ್ರ್ಯಾಂಕ್ ಶಾಫ್ಟ್ ತಿರುಗುವ ಕ್ರ್ಯಾಂಕ್‌ಕೇಸಿನ ಹೊಗೆ ಹೋಗಲು ಗಾಡಿಯಡಿಗೆ ಇಳಿಬಿಟ್ಟ ಒಂದು ಕೊಳವೆ ಇತ್ತು, ಅಷ್ಟೇ. ಗಾಡಿ ಓಡುವಾಗ ಕೆಳಗಿನ ಗಾಳಿ ಆ ಕೊಳವೆಯಿಂದ ಹೊಗೆಯನ್ನು ಸೆಳೆಯುತ್ತಿತ್ತು. ಗಾಡಿ ನಿಂತರೆ, ಇಲ್ಲವೇ ಊರೊಳಗೆ ತೆವಳಿದರೆ, ಸೆಳೆತವಿಲ್ಲ. ಆವಿಯೆಲ್ಲ ಒಳಗೇ ಉಳಿದು ಆಯಿಲ್ ಕೆಸರಾಗುತ್ತಿತ್ತು. ಇದಕ್ಕೆ ಮದ್ದು ದೊರೆತದ್ದು ಯುದ್ಧದ ಕಾರಣದಿಂದ. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕುಗಳು ಹೊಳೆ ದಾಟುವಾಗ ತೆರೆದ ಕೊಳವೆಯಿಂದ ನೀರು ನುಗ್ಗಬಾರದೆಂದು, ಹೊಗೆಯನ್ನು ಎಂಜಿನ್ ತಾನೇ ಮರಳಿ ಒಳಗೆ ಎಳೆದು ಸುಡುವ ವ್ಯವಸ್ಥೆ ಮಾಡಿದರು. ಮುಂದೆ ಕ್ಯಾಲಿಫೋರ್ನಿಯಾದ ಹೊಗೆಮಂಜಿನ ಕಾಲದಲ್ಲಿ ಈ ಉಪಾಯ ಮತ್ತೆ ನೆನಪಾಯಿತು. ಕೊಳವೆಯಿಂದ ಬರುವ ಸುಡದ ಇಂಧನವೂ ನಗರದ ಗಾಳಿ ಕೆಡಿಸುತ್ತಿದೆಯೆಂದು ಗೊತ್ತಾಗಿ 1961ರ ಮಾದರಿಯ ಕಾರುಗಳಿಗೆ ಅಲ್ಲಿ ಆ ಹೊಗೆಯನ್ನು ಮರಳಿ ಎಂಜಿನ್ನಿಗೆ ಬಿಡುವ ಪಿಸಿವಿ ವಾಲ್ವ್ ಬಂತು; 1963ಕ್ಕೆ ಅಮೆರಿಕದಾದ್ಯಂತ ಹರಡಿತು. 1970ರ ದಶಕದ ಆರಂಭಕ್ಕೆ ಜಪಾನೂ ಅದೇ ದಾರಿ ಹಿಡಿದಿತ್ತು. ಆಯಿಲನ್ನು ಕಾಪಾಡಲೆಂದು ಯಾರೂ ಅದನ್ನು ಕಡ್ಡಾಯ ಮಾಡಲಿಲ್ಲ. ಆಯಿಲ್ ಉಳಿದದ್ದು ಅದರ ಪಕ್ಕದ ಲಾಭ. ಇಂದಿಗೂ ಹೆಬ್ಬೆರಳಿನಷ್ಟಿರುವ ಆ ವಾಲ್ವ್ ಕಟ್ಟಿಕೊಂಡರೆ ಎಂಜಿನ್ ಹಳೆಯ ಕೊಳವೆಯ ಕಾಲಕ್ಕೆ ವಾಪಸು ಹೋಗುತ್ತದೆ. ಹಾಲ್ನೊರೆ ಕಂಡಾಗ ಅದನ್ನು ಬಿಚ್ಚಿ ಅಲ್ಲಾಡಿಸಿ, ಒಳಗಿನ ತುಂಡು ಟಕಟಕ ಎನ್ನುತ್ತದೆಯೇ ಎಂದು ಕೇಳುವುದು ಮೆಕ್ಯಾನಿಕ್ಕುಗಳ ಹಳೆಯ ರೂಢಿ.

ಹಾಗಾದರೆ ಬೆಂಗಳೂರಿನ ಮೆಕ್ಯಾನಿಕ್ಕಿಗೆ ಹೆಡ್ಡೇ ಏಕೆ ಮೊದಲು ನೆನಪಾಗುತ್ತದೆ?

1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರನ್ನೂ, ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿಗಳನ್ನೂ ಒಟ್ಟಿಗೆ ನೆನೆದರೆ ಉತ್ತರ ಸಿಗುತ್ತದೆ. ಆ ಕಾಲದಲ್ಲಿ ರೇಡಿಯೇಟರಿಗೆ ಬರಿ ನೀರು. ಬಾವಿ ನೀರು, ಬೋರ್ ನೀರು, ಹಳ್ಳದ ನೀರು, ಸಿಕ್ಕಿದ್ದು. ಲವಣ ಕಟ್ಟಿ ರೇಡಿಯೇಟರಿನ ಕೊಳವೆಗಳು ಅರ್ಧ ಮುಚ್ಚಿರುತ್ತಿದ್ದವು. ಆರೇಳು ಜನ ತುಂಬಿ, ಮೇಲೆ ಸಾಮಾನು ಕಟ್ಟಿ ಘಟ್ಟ ಹತ್ತುವಾಗ ಎಂಜಿನ್ ಕುದಿಯುವುದು ಮಾಮೂಲು. ಘಟ್ಟದ ನಡುವೆ ನಿಲ್ಲಿಸಿ, ಒದ್ದೆ ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿ ನೀರು ಹೊಯ್ಯದ ಟ್ಯಾಕ್ಸಿ ಡ್ರೈವರ್ ಇರಲಿಲ್ಲ. ಕಾದ ಎಂಜಿನ್ನಿಗೆ ತಣ್ಣೀರು ಬಿದ್ದರೆ ಹೆಡ್ ಸೊಟ್ಟಗಾಗುತ್ತದೆ, ಹೆಡ್‌ಗೂ ಬ್ಲಾಕ್‌ಗೂ ನಡುವಿನ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ನೀರಿನ ದಾರಿಗೂ ಆಯಿಲ್ ದಾರಿಗೂ ನಡುವಿನ ಗೋಡೆ ಅದೇ ಗ್ಯಾಸ್ಕೆಟ್. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು ಎನ್ನುವಾಗಲೇ ಹೊಸ ಪಾಠವೂ ಬಂತು. ಸುಜುಕಿಯ ಆ ಎಂಜಿನ್ನಿಗೆ ಅಲ್ಯೂಮಿನಿಯಂ ಹೆಡ್. ಅಂಬಾಸಿಡರಿನ ಬೀಡುಕಬ್ಬಿಣ ಸಹಿಸುತ್ತಿದ್ದ ಬಿಸಿಯನ್ನು ಅದು ಸಹಿಸದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹೆಡ್ ಗ್ಯಾಸ್ಕೆಟ್ ಸದಾ ಓಡುವ ಸರಕಾಯಿತು. ಹೆಡ್ಡನ್ನು ಮಟ್ಟ ಮಾಡಿಕೊಡುವ ‘ಫೇಸಿಂಗ್’ ಲೇತ್‌ಗಳಿಗೆ ಕೆಲಸಕ್ಕೆ ಬರವಿರಲಿಲ್ಲ. ಆ ಕಾಲದ ಕೈಗೆ ಹಾಲಿನ ಬಣ್ಣ ಎಂದರೆ ಗ್ಯಾಸ್ಕೆಟ್ ಎಂದೇ ಅರ್ಥ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯೂ ಆಗಿದ್ದಿರಬೇಕು.

ಆ ಕೈಯನ್ನು ಹಾಗೇ ತಂದು ಮೂರು ವರ್ಷದ, ಕುದಿದೇ ಇಲ್ಲದ ಕಾರಿನ ಮೇಲೆ ಇಟ್ಟರೆ ಮಾತ್ರ ಮಾಲೀಕನ ಜೇಬು ಹಗುರಾಗುತ್ತದೆ. ಹೆಡ್ ಇಳಿಸುವುದೆಂದರೆ ಎಂಜಿನ್ನಿನ ಅರ್ಧ ಬಿಚ್ಚಿದ ಹಾಗೆ.

ಆವಿಯ ನೀರನ್ನೂ ಗ್ಯಾಸ್ಕೆಟ್ ಸೋರಿಕೆಯನ್ನೂ ಬೇರೆ ಮಾಡಿ ನೋಡುವುದು ಅಷ್ಟೇನೂ ಕಷ್ಟವಲ್ಲ, ತಾಳ್ಮೆ ಬೇಕು. ಮುಚ್ಚಳ ಬಿಟ್ಟು, ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆಯಬೇಕು. ಮುಚ್ಚಳದಲ್ಲಿ ನೊರೆ ಇದ್ದು ಡಿಪ್‌ಸ್ಟಿಕ್ಕಿನ ತುದಿಯ ಆಯಿಲ್ ಜೇನು ಬಣ್ಣಕ್ಕೋ ಕಪ್ಪಿಗೋ ತಿಳಿಯಾಗಿದ್ದರೆ ಅದು ಮೇಲಿನ ಆವಿಯ ಆಟ. ಕಡ್ಡಿಯ ತುದಿಯವರೆಗೂ ಕಾಫಿ ಬಣ್ಣ, ಮೇಲಾಗಿ ಮಟ್ಟ ‘ಫುಲ್’ ಗೆರೆ ದಾಟಿ ಏರಿದ್ದರೆ ಎದೆ ಧಸಕ್ಕೆನ್ನಬೇಕು, ಏಕೆಂದರೆ ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಆಮೇಲೆ ತಣ್ಣಗಿರುವ ಎಂಜಿನ್ನಿನಲ್ಲಿ ಕೂಲೆಂಟ್ ಡಬ್ಬಿ ನೋಡುವುದು. ಮಟ್ಟಕ್ಕೆ ಗುರುತು ಹಾಕಿ ವಾರ ಬಿಟ್ಟು ನೋಡಿದಾಗಲೂ ಅಲ್ಲೇ ಇದ್ದರೆ ಸಮಾಧಾನ. ಇಳಿದಿದ್ದರೆ, ಅದರ ಮೇಲೆ ಎಣ್ಣೆ ಪದರ ಕಂಡರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ, ಹಳೆಯ ಮೆಕ್ಯಾನಿಕ್ ಹೇಳಿದ್ದೇ ನಿಜ.

ಅನುಮಾನ ಉಳಿದರೆ ಪರೀಕ್ಷೆಗಳಿವೆ. ಕಾದ ತಗಡಿನ ಮೇಲೆ ಆಯಿಲಿನ ನಾಲ್ಕು ಹನಿ ಬಿಟ್ಟರೆ, ನೀರಿದ್ದಲ್ಲಿ ಚಟಪಟ ಸಿಡಿಯುತ್ತದೆ. ರೇಡಿಯೇಟರಿನ ಬಾಯಿಗೆ ನೀಲಿ ದ್ರಾವಣದ ಗಾಜಿನ ಕೊಳವೆ ಹಿಡಿದು ಎಂಜಿನ್ ಓಡಿಸಿದರೆ, ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಗ್ಗುತ್ತಿದ್ದಲ್ಲಿ ಅದರಲ್ಲಿನ ಇಂಗಾಲದ ಡೈಆಕ್ಸೈಡಿಗೆ ನೀಲಿ ಹಳದಿಗೆ ತಿರುಗುತ್ತದೆ. ರೇಡಿಯೇಟರಿಗೆ ಗಾಳಿಯ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತದೆಯೇ ನೋಡುವುದು ಇನ್ನೊಂದು. ಡೀಸೆಲ್ ಗಾಡಿಗಳಲ್ಲಿ ಗ್ಯಾಸ್ಕೆಟ್ ಗಟ್ಟಿಯಾಗಿದ್ದೂ ಆಯಿಲ್ ಕೂಲರ್ ಒಳಗೇ ಸೀಳಿರಬಹುದು. ಎಲ್ಲಕ್ಕಿಂತ ಖಚಿತವಾದದ್ದು ಆಯಿಲಿನ ಲ್ಯಾಬ್ ಪರೀಕ್ಷೆ. ಆ ವಿದ್ಯೆ ಬೆಳೆದದ್ದು ರೈಲಿನ ಶೆಡ್ಡಿನಲ್ಲಿ. ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡೆ ರೈಲ್ವೆಯ ಪ್ರಯೋಗಾಲಯ 1946ರ ಸುಮಾರಿಗೆ ಡೀಸೆಲ್ ಎಂಜಿನ್ನುಗಳ ಹಳೆಯ ಆಯಿಲ್ ಸುಟ್ಟು, ಆ ಬೆಳಕಿನಲ್ಲಿ ಯಾವ ಲೋಹವಿದೆಯೆಂದು ಓದಿ ಕಾಯಿಲೆ ಹೇಳತೊಡಗಿತು. ಈಗ ಅದೇ ರೀತಿಯಲ್ಲಿ ಆಯಿಲಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಏರಿದ್ದರೆ ಕೂಲೆಂಟ್ ಸೇರಿದೆಯೆಂದು ತಿಳಿಯುತ್ತಾರೆ, ಏಕೆಂದರೆ ಅವು ಕೂಲೆಂಟಿನ ತುಕ್ಕುನಿರೋಧಕಗಳಲ್ಲಿ ಇರುತ್ತವೆ. ಬರಿ ಆವಿಯ ನೀರಿನಲ್ಲಿ ಅವು ಇರುವುದಿಲ್ಲ.

ಜಪಾನಿನಲ್ಲಿ ಈ ಕಡ್ಡಿ ಎಳೆದು ನೋಡುವ ಅಭ್ಯಾಸಕ್ಕೆ ಒಂದು ಕಾನೂನಿನ ಬೆನ್ನೆಲುಬಿದೆ. 1951ರ ರಸ್ತೆ ಸಾರಿಗೆ ವಾಹನ ಕಾಯ್ದೆಯಿಂದ ಬಂದ ‘ಶಾಕೆನ್’ ತಪಾಸಣೆಗೆ ಇಡೀ ದೇಶ ತಲೆಬಾಗುತ್ತದೆ. ಹೊಸ ಖಾಸಗಿ ಕಾರಿಗೆ ಮೊದಲ ಅವಧಿ 1983ರಿಂದ ಮೂರು ವರ್ಷ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಅದರ ನಡುವೆ ಆಯಿಲ್ ಮಟ್ಟ ನೋಡಿಕೊಳ್ಳುವುದು ಮಾಲೀಕನದೇ ಹೊಣೆ. ಬಹಳ ಕಾಲ ಮಾಲೀಕರ ಪರವಾಗಿ ಅದನ್ನು ಮಾಡುತ್ತಿದ್ದವರು ಪೆಟ್ರೋಲ್ ಬಂಕಿನ ಹುಡುಗರು. ಗಾಡಿ ಬಂದು ನಿಂತರೆ ಟೋಪಿ ಮುಟ್ಟಿ ನಮಸ್ಕರಿಸಿ, ಗಾಜು ಒರೆಸಿ, ಬಾನೆಟ್ ಎತ್ತಿ ಕಡ್ಡಿ ಎಳೆದು ತೋರಿಸುತ್ತಿದ್ದರು. ಆಯಿಲ್ ಮಾರುವ ಆಸೆಯೂ ಅದರಲ್ಲಿತ್ತು ಬಿಡಿ, ಆದರೂ ನಾಲ್ಕು ಕಣ್ಣು ಎಂಜಿನ್ ಮೇಲೆ ಬೀಳುತ್ತಿತ್ತು. 1998ರಲ್ಲಿ ಗ್ರಾಹಕರೇ ಪೆಟ್ರೋಲು ಹಾಕಿಕೊಳ್ಳುವ ಬಂಕುಗಳಿಗೆ ಅನುಮತಿ ಸಿಕ್ಕಿತು. 1990ರ ದಶಕದ ನಡುವೆ 60 ಸಾವಿರವಿದ್ದ ಬಂಕುಗಳು ಈಗ ಅದರ ಅರ್ಧಕ್ಕಿಂತ ಕಡಿಮೆ. ಬಾನೆಟ್ ಎತ್ತುವ ಕೈ ಬಂಕಿನಿಂದ ಮಾಯವಾಗಿ, ಆಟೋಬ್ಯಾಕ್ಸ್‌ನಂಥ ದೊಡ್ಡ ಬಿಡಿಭಾಗದ ಮಳಿಗೆಗಳ ಆಯಿಲ್ ಬದಲಿಸುವ ಕೌಂಟರಿಗೆ ಹೋಯಿತು. ಅಲ್ಲಿಗೆ ಹೋಗಬೇಕಾದರೆ ಮಾಲೀಕನಿಗೆ ನೆನಪಿರಬೇಕು.

ನೆನಪಿರದವರಿಗಾಗಿ ಜಪಾನಿನ ಕಾರು ಕೈಪಿಡಿಗಳಲ್ಲಿ ‘ಕಠಿಣ ಬಳಕೆ’ ಎಂಬ ಪಟ್ಟಿ ಇದೆ. ಕೆಟ್ಟ ರಸ್ತೆ, ಗುಡ್ಡಗಾಡು, ಅತಿ ಹೆಚ್ಚು ಓಟ ಅದರಲ್ಲಿರುವುದು ಸಹಜ. ಅವುಗಳ ಸಾಲಿನಲ್ಲೇ ಒಂದು ಸಲಕ್ಕೆ 8 ಕಿಲೋಮೀಟರಿಗಿಂತ ಕಡಿಮೆ ಓಡುವುದೂ ಇದೆ. ಟೊಯೋಟಾದ ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ 15,000 ಕಿಲೋಮೀಟರ್ ಅಥವಾ ಒಂದು ವರ್ಷಕ್ಕೆ ಆಯಿಲ್ ಬದಲಿಸಿದರೆ ಸಾಕು. ಕಠಿಣ ಬಳಕೆಯಾದರೆ 7,500 ಅಥವಾ ಆರು ತಿಂಗಳು. ಅಂದರೆ ಶಿರಾಡಿ ಘಾಟಿ ಹತ್ತುವ ಟ್ಯಾಕ್ಸಿಯೂ ಶನಿವಾರ ಅಕ್ಕಿ ತರಲು ಹೊರಡುವ ನಿಶಿ ಕಸಾಯಿಯ ಕಾರೂ ಕೈಪಿಡಿಯ ಕಣ್ಣಿನಲ್ಲಿ ಒಂದೇ ಜಾತಿ. ‘ಗಾಡಿ ಓಡಿಸೇ ಇಲ್ಲ, ಆಯಿಲ್ ಯಾಕೆ ಬದಲಿಸಬೇಕು’ ಎನ್ನುವ ಮಾಲೀಕನಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ.

ನೀರು ಆಯಿಲ್ ಸೇರಲು ಮೂರನೆಯ ದಾರಿಯೊಂದಿದೆ; ಅದರಲ್ಲಿ ಎರಡೂ ಊರುಗಳು ಒಂದೇ. 1949ರಲ್ಲಿ ಕಿಟ್ಟಿ ಚಂಡಮಾರುತ ಎದೊಗಾವವನ್ನು ಮುಳುಗಿಸಿತ್ತು. 2019ರಲ್ಲಿ ವಾರ್ಡಿನ ಆಡಳಿತ ಹೊರತಂದ ಪ್ರವಾಹ ನಕ್ಷೆ, ಮಹಾನೆರೆ ಬರುವ ಸೂಚನೆ ಕಂಡರೆ ಇಲ್ಲಿ ಇರಬೇಡಿ ಎಂದು ಮುಖಪುಟದಲ್ಲೇ ಹೇಳಿ ದೇಶವನ್ನೆಲ್ಲ ಬೆಚ್ಚಿಬೀಳಿಸಿತು. ಬೆಂಗಳೂರಿಗೆ ಆ ಅನುಭವ 2022ರ ಸೆಪ್ಟೆಂಬರಿನಲ್ಲಿ ಆಯಿತು. ಯಮಲೂರು, ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಸಾಫ್ಟ್‌ವೇರ್ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ನೆಲಮಾಳಿಗೆಗಳಲ್ಲಿ ಕಾರುಗಳು ಕುತ್ತಿಗೆಯವರೆಗೆ ಮುಳುಗಿದವು. ಇಂಥ ಕಾರಿನಲ್ಲಿ ಕಡ್ಡಿಯ ತುಂಬ ಹಾಲು ಕಂಡರೆ ಅದು ಗ್ಯಾಸ್ಕೆಟ್ಟೂ ಅಲ್ಲ, ಆವಿಯೂ ಅಲ್ಲ, ಬೀದಿಯ ನೀರು. ಸ್ಟಾರ್ಟ್ ಮಾಡದೆ ಎಳೆದೊಯ್ದು, ಆಯಿಲ್ ಇಳಿಸಿ, ಹೊಸದು ಹಾಕಿ ಮತ್ತೆ ಇಳಿಸಿದರೆ ಎಂಜಿನ್ ಉಳಿಯುವ ಸಾಧ್ಯತೆ ಇದೆ. ಚಾಲೂ ಆಗುತ್ತದೆಯೇ ನೋಡೋಣ ಎಂದು ಒಮ್ಮೆ ಕೀ ತಿರುಗಿಸಿದರೆ, ಸಿಲಿಂಡರಿನಲ್ಲಿ ಕುಗ್ಗದ ನೀರಿಗೆ ಪಿಸ್ಟನ್ ಬಡಿದು ಕನೆಕ್ಟಿಂಗ್ ರಾಡ್ ಬಾಗಬಹುದು.

ಈಚೆಗೆ ನೊರೆಯ ದೂರು ಹೊಸ ಕಡೆಯಿಂದ ಬರುತ್ತಿದೆ. 1997ರ ಡಿಸೆಂಬರಿನಲ್ಲಿ ಟೊಯೋಟಾ ಪ್ರಿಯಸ್ ಬಂದಾಗಿನಿಂದ ಜಪಾನಿನ ಬೀದಿಗಳಲ್ಲಿ ಹೈಬ್ರಿಡ್ ಕಾರುಗಳು ತುಂಬಿವೆ. ಸಿಗ್ನಲ್ಲಿನಲ್ಲಿ ಎಂಜಿನ್ ಆಫ್, ನಿಧಾನ ಸಾಗುವಾಗ ಬರಿ ಮೋಟರು, ನಡುನಡುವೆ ಎಂಜಿನ್ನಿಗೆ ಎರಡು ನಿಮಿಷದ ಕೆಲಸ. ಇಪ್ಪತ್ತು ಕಿಲೋಮೀಟರ್ ಹೋಗಿ ಬಂದರೂ ಎಂಜಿನ್ ಓಡಿದ್ದು ಅದರ ಒಂದು ಪಾಲು ಮಾತ್ರ. ಆಯಿಲ್ ಉಗುರುಬೆಚ್ಚಗಾಗಿರುತ್ತದೆ, ಅಷ್ಟೇ. ಎಷ್ಟು ದೂರ ಹೋಗುತ್ತೀರಿ ಎಂಬ ಪ್ರಶ್ನೆಗೆ ಬರುವ ಉತ್ತರ ಈಗ ಸಾಲುವುದಿಲ್ಲ. ಹೈಬ್ರಿಡ್ ಕಾರಿನ ಮುಚ್ಚಳದಡಿ ಕೆನೆ ಕಂಡ ಮೆಕ್ಯಾನಿಕ್ ಎಂಜಿನ್ ಎಷ್ಟು ಹೊತ್ತು ಓಡಿತೆಂದು ಕೇಳಬೇಕಾಗಿದೆ.